ಕರೆಂಟು ಹೋಗಿಬಂದ ಮೇಲೆ ಬರ್ಫ ಕಟ್ಟಿಸುವ ಬಗೆ

ಚೈತ್ರ ವೈಶಾಖಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಸಂಜೆಯ ಹೊತ್ತಿಗೆ ಅಡ್ಡಮಳೆ ಏಳುವದು ಎಲ್ಲರೂ ಬಲ್ಲ ಸಂಗತಿ. ಮೊದಲು ಧೂಳು, ಅದರ ಬೆನ್ನಿಗೆ ಗಾಳಿ, ಆಮೇಲೆ ಗುಡುಗು ಸಿಡಿಲುಗಳೊಡನೆ ನಾಲ್ಕು ದಪ್ಪ ಹನಿ. ಎಲ್ಲಿಯೋ ಒಂದು ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕತ್ತಲಾಗುತ್ತದೆ. ಮರುದಿನ ಹೊತ್ತೇರಿದ ಮೇಲೆ ಕರೆಂಟು ಬರುತ್ತದೆ. ದೀಪ ಹತ್ತುತ್ತದೆ, ಗಿರಣಿ ತಿರುಗುತ್ತದೆ. ಆದರೆ ಮನೆಯೊಳಗಿನ ಫ್ರಿಜ್ಜು ಮಾತ್ರ ಗುಂಯ್‌ಗುಟ್ಟುತ್ತಲೇ ಇದ್ದು ಸಂಜೆಯವರೆಗೆ ನೋಡಿದರೂ ಬರ್ಫ ಕಟ್ಟುವದಿಲ್ಲ. ಆಗ ಮನೆಯವರು ಯಂತ್ರವೇ ಕೆಟ್ಟಿತೆಂದು ಬಗೆದು ತಾಲೂಕಿನ ಊರಿಗೆ ಹೇಳಿ ಕಳುಹಿಸುವರು. ಇಲ್ಲವೆ ಚಾಕು ತೆಗೆದುಕೊಂಡು ಒಳಗಿನ ಅರೆಗರಗಿದ ಗಡ್ಡೆಯನ್ನು ಕುಟ್ಟತೊಡಗುವರು. ಮೊದಲನೆಯದರಿಂದ ಹಣ ಹೋಗುವದು, ಎರಡನೆಯದರಿಂದ ಫ್ರಿಜ್ಜೇ ಹೋಗುವದು. ಇಂಥ ಸಂದರ್ಭಗಳಲ್ಲಿ ಬಹುಪಾಲು ಯಂತ್ರಕ್ಕೆ ಏನೂ ಆಗಿರುವದಿಲ್ಲವೆಂಬುದನ್ನು ಊರ ಗೌಡರೂ ಜಮೀನುದಾರರೂ ತಿಳಿದಿರುವದು ಅವಶ್ಯ.

ಬರ್ಫವೆಂದರೆ ಬೇಸಿಗೆಯ ಶರಬತ್ತಿಗೆ ಹಾಕುವ ಶೋಕಿಯ ಪದಾರ್ಥ, ಅದಕ್ಕೂ ಒಕ್ಕಲುತನಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವು ದನದ ಹಕ್ಕಿಯಲ್ಲಿದೆ. 2013ರಲ್ಲಿ ಕಾಲುಬಾಯಿ ಬೇನೆಯು ಕರ್ನಾಟಕದಲ್ಲಿ ಹಬ್ಬಿ ಸಾವಿರಾರು ದನಗಳು ಸತ್ತುದನ್ನು ರೈತರು ಮರೆತಿಲ್ಲ. 2022ರಲ್ಲಿ ಚರ್ಮಗಂಟು ರೋಗವು ಬಂದಾಗ ಬೆಳಗಾವಿ ಜಿಲ್ಲೆಯ ಒಕ್ಕಲುಗರು ಉಳುವ ಎತ್ತುಗಳನ್ನೂ ಹಿಂಡುವ ಆಕಳುಗಳನ್ನೂ ಕಳೆದುಕೊಂಡರು. ಈ ಎರಡು ಬೇನೆಗಳಿಗೂ ಮುಂಜಾಗ್ರತೆಯ ಲಸಿಕೆಯ ಹೊರತು ಬೇರೆ ಗಟ್ಟಿಯಾದ ಉಪಾಯವಿಲ್ಲ. ಕಾಲುಬಾಯಿ ಬೇನೆಯ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುವ ರಾಷ್ಟ್ರೀಯ ಕಾರ್ಯಕ್ರಮವು 2019ರಲ್ಲಿ ಆರಂಭವಾಯಿತು. ಲಸಿಕೆಯ ಸೀಸೆಯಾದರೋ ತಯಾರಾದ ದಿನದಿಂದ ದನದ ಮೈಗೆ ಚುಚ್ಚುವ ಗಳಿಗೆಯವರೆಗೆ 2 ರಿಂದ 8 ಅಂಶ ಸೆಂಟಿಗ್ರೇಡಿನ ಉಷ್ಣಮಾನದಲ್ಲಿಯೇ ಇರತಕ್ಕದ್ದು. ಅದಕ್ಕಿಂತ ಬಿಸಿಯಾದರೆ ಅದರ ಸತ್ವವು ದಿನೇ ದಿನೇ ಇಳಿಯುವದು. ಸೊನ್ನೆಗಿಂತ ಕೆಳಗಿಳಿದು ಹೆಪ್ಪುಗಟ್ಟಿದರೆ ಎಣ್ಣೆಯ ಮಿಶ್ರಣವುಳ್ಳ ಕಾಲುಬಾಯಿ ಲಸಿಕೆಯು ಒಡೆದುಹೋಗುವದು. ಎರಡು ಪ್ರಸಂಗಗಳಲ್ಲಿಯೂ ನಷ್ಟವು ಕಣ್ಣಿಗೆ ಕಾಣುವದಿಲ್ಲ. ಲಸಿಕೆ ಹಾಕಿಸಿದ್ದೇವೆಂದು ಒಕ್ಕಲುಗನು ನಿಶ್ಚಿಂತನಾಗಿ ಮಲಗುವನು. ಬೇನೆ ಬಂದಾಗ ಮಾತ್ರ ಸತ್ಯವು ಹೊರಬೀಳುವದು.

ಪಶುವೈದ್ಯ ಇಲಾಖೆಯವರು ಲಸಿಕೆಯನ್ನು ಹಳ್ಳಿಗೆ ತರುವದು ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ. ಅದರ ನಾಲ್ಕೂ ಬದಿಗೆ ನೀರು ತುಂಬಿ ಹೆಪ್ಪುಗಟ್ಟಿಸಿದ ಚಪ್ಪಟೆಯ ಪ್ಲಾಸ್ಟಿಕ್ ಡಬ್ಬಿಗಳಿರುತ್ತವೆ. ಇವುಗಳಿಗೆ ಐಸ್‌ಪ್ಯಾಕ್ ಎನ್ನುವರು. ಒಂದು ಊರಿನ ದನಗಳೆಲ್ಲ ಒಂದೇ ಹೊತ್ತಿನಲ್ಲಿ ಮುಗಿಯದೆ ಎರಡನೆಯ ದಿನಕ್ಕೆ ಬಿದ್ದರೆ ಮತ್ತೆ ಹೆಪ್ಪುಗಟ್ಟಿದ ಡಬ್ಬಿಗಳು ಬೇಕು. ಆಸ್ಪತ್ರೆಯು ಹತ್ತು ಹನ್ನೆರಡು ಮೈಲು ದೂರವಿದ್ದಲ್ಲಿ ಊರೊಳಗಿನ ಒಂದು ನೆಟ್ಟಗಿನ ಫ್ರಿಜ್ಜು ಆ ದಿನ ಎಷ್ಟು ಉಪಯೋಗಕ್ಕೆ ಬರುವದೆಂಬುದನ್ನು ಹೇಳಬೇಕಾಗಿಲ್ಲ. ಮನೆಯಲ್ಲಿ ಸಕ್ಕರೆ ಬೇನೆಯವರಿದ್ದು ಇನ್‌ಸುಲಿನ್ ಇಟ್ಟಿದ್ದರಂತೂ ಪ್ರಶ್ನೆಯು ದನದ ಕೊಟ್ಟಿಗೆಯಿಂದ ಎದ್ದು ನಡುಮನೆಗೇ ಬರುವದು.

ಬರ್ಫವು ತಡವಾಗಿ ಕಟ್ಟುವದೇಕೆ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಕಿಲೋ ನೀರನ್ನು ಒಂದು ಅಂಶ ತಣ್ಣಗಾಗಿಸಲು ಅದರಿಂದ ಒಂದು ಕಿಲೋಕ್ಯಾಲರಿ ಶಾಖವನ್ನು ಹೊರಗೆ ತೆಗೆಯಬೇಕು. ಬೇಸಿಗೆಯಲ್ಲಿ ನಲ್ಲಿಯ ನೀರು 30 ಅಂಶವಿರುತ್ತದೆ; ಅದನ್ನು ಸೊನ್ನೆಗೆ ತರಲು 30 ಕಿಲೋಕ್ಯಾಲರಿ ಸಾಕು. ಆದರೆ ಸೊನ್ನೆಯಲ್ಲಿರುವ ಅದೇ ನೀರನ್ನು ಸೊನ್ನೆಯ ಬರ್ಫವಾಗಿ ಮಾಡಲು ಇನ್ನೂ 80 ಕಿಲೋಕ್ಯಾಲರಿ ತೆಗೆಯಬೇಕಾಗುತ್ತದೆ. ಎಂದರೆ ತಣ್ಣಗಾಗಿಸುವ ಕೆಲಸಕ್ಕಿಂತ ಕಟ್ಟಿಸುವ ಕೆಲಸವು ಎರಡೂವರೆ ಪಟ್ಟಿಗಿಂತ ಹೆಚ್ಚಿನದು. ಇಡೀ ರಾತ್ರಿ ಕರೆಂಟಿಲ್ಲದೆ ಫ್ರಿಜ್ಜಿನ ಗೋಡೆ, ಹಲಗೆ, ಒಳಗಿನ ಪಾತ್ರೆ, ಹಾಲು ಮೊಸರು ಎಲ್ಲವೂ ಬೆಚ್ಚಗಾಗಿರುತ್ತವೆ. ಯಂತ್ರವು ಮೊದಲು ಇವುಗಳ ಶಾಖವನ್ನು ಹೊರಹಾಕಿ ಆಮೇಲೆ ಬರ್ಫದ ಕೆಲಸಕ್ಕೆ ಕೈಹಾಕಬೇಕು. ಆದ್ದರಿಂದ ಮುಂಜಾನೆ ಕರೆಂಟು ಬಂದು ಮಧ್ಯಾಹ್ನಕ್ಕೆ ಬರ್ಫ ಕಾಣಲಿಲ್ಲವೆಂದರೆ ಅದು ಯಂತ್ರದ ದೋಷವಲ್ಲ. ಒಂದು ಹಗಲು ಒಂದು ರಾತ್ರಿ, ಅಂದರೆ 24 ತಾಸು ಕಾಯದೆ ಯಾರೂ ಯಾವ ನಿರ್ಣಯಕ್ಕೂ ಬರಬಾರದು.

ಇದೇ ಲೆಕ್ಕದ ಮತ್ತೊಂದು ಮಗ್ಗುಲು ಒಕ್ಕಲುಗನಿಗೆ ಅನುಕೂಲವಾದದ್ದು. ಕಟ್ಟಲು ಎಷ್ಟು ಕಷ್ಟವೋ ಕರಗಲೂ ಬರ್ಫಕ್ಕೆ ಅಷ್ಟೇ ಕಷ್ಟ. 1833ರಲ್ಲಿ ಅಮೇರಿಕೆಯ ಬಾಸ್ಟನ್ ಬಂದರದಿಂದ ಕೆರೆಯ ಬರ್ಫವನ್ನು ಹಡಗಿನಲ್ಲಿ ತುಂಬಿ ನಾಲ್ಕು ತಿಂಗಳ ಪ್ರಯಾಣದ ಮೇಲೆ ಕಲಕತ್ತೆಯಲ್ಲಿ ಇಳಿಸಿದಾಗ ಅರ್ಧಕ್ಕಿಂತ ಹೆಚ್ಚು ಬರ್ಫವು ಕರಗದೆ ಉಳಿದಿತ್ತು. ಮದ್ರಾಸಿನ ಸಮುದ್ರದಂಡೆಯಲ್ಲಿ ಅಂಥ ಬರ್ಫವನ್ನು ಕೂಡಿಡಲು ಕಟ್ಟಿದ ಐಸ್ ಹೌಸಿನಲ್ಲಿಯೇ ಮುಂದೆ 1897ರಲ್ಲಿ ವಿವೇಕಾನಂದರು ತಂಗಿದ್ದರು. ಆ ಕಟ್ಟಡವು ಈಗ ಅವರ ಹೆಸರಿನಲ್ಲಿದೆ. ಆ ಕಾಲದಲ್ಲಿ ಯಂತ್ರವೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಇದ್ದದ್ದು ಕಟ್ಟಿಗೆಯ ಹೊಟ್ಟು ಮತ್ತು ಗಾಳಿಯಾಡದಂತೆ ಒತ್ತೊತ್ತಾಗಿ ಪೇರಿಸುವ ಜಾಣತನ. ಕಿತ್ತೂರ ಕಡೆಯ ಭತ್ತದ ಸೀಮೆಯಲ್ಲಿ ಹೊಟ್ಟಿಗೆ ಬರಗಾಲವಿಲ್ಲ. ಕರೆಂಟು ಬೇಗ ಬರುವ ಲಕ್ಷಣ ಕಾಣದಿದ್ದರೆ ಬರ್ಫದ ಡಬ್ಬಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿಟ್ಟರೆ ಬಯಲಲ್ಲಿಟ್ಟದ್ದಕ್ಕಿಂತ ಎಷ್ಟೋ ಹೊತ್ತು ಉಳಿಯುವವು. ಹೊಟ್ಟು ತೊಯ್ದರೆ ಗುಣವಿಲ್ಲ.

ಕರೆಂಟು ಹೋದ ಕೂಡಲೆ ಮಾಡತಕ್ಕ ಕೆಲಸವು ಬಾಗಿಲು ತೆರೆಯದಿರುವದು. ಕೇಳಲು ಇದು ಸಣ್ಣ ಮಾತು, ನಡೆಸಲು ಬಲು ದೊಡ್ಡದು. ಎಂಟು ಹತ್ತು ಜನರ ಮನೆಯಲ್ಲಿ ಮಕ್ಕಳು ನೀರಿಗಾಗಿ, ಹೆಂಗಸರು ಹಾಲಿಗಾಗಿ, ಹಿರಿಯರು ಬರ್ಫ ಕರಗಿತೋ ಇಲ್ಲವೋ ನೋಡುವದಕ್ಕಾಗಿ ಸಲಸಲಕ್ಕೆ ಬಾಗಿಲು ತೆಗೆಯುವರು. ಅಮೇರಿಕೆಯ ಕೃಷಿ ಇಲಾಖೆಯವರು ಕೊಟ್ಟ ಸಲಹೆಯ ಪ್ರಕಾರ ಮುಚ್ಚಿಟ್ಟ ಫ್ರಿಜ್ಜಿನ ಕೆಳಗಿನ ಕೋಣೆಯು ಸುಮಾರು 4 ತಾಸು ತಂಪನ್ನು ಹಿಡಿಯುವದು. ಬರ್ಫದ ಕೋಣೆಯು ಬೇರೆ ಬಾಗಿಲಿನದಾಗಿದ್ದು ತುಂಬ ಭರ್ತಿಯಾಗಿದ್ದರೆ 48 ತಾಸು, ಅರ್ಧ ಭರ್ತಿಯಾಗಿದ್ದರೆ 24 ತಾಸು ಹಿಡಿಯುವದು. ನಮ್ಮ ಎರೆಸೀಮೆಯ ಬಿಸಿಲಿಗೂ ಒಂದೇ ಬಾಗಿಲಿನ ಸಣ್ಣ ಫ್ರಿಜ್ಜಿಗೂ ಇಷ್ಟು ಅವಧಿಯನ್ನು ನಂಬುವಂತಿಲ್ಲ. ಅದರೊಳಗಿನ ಬರ್ಫದ ಕೋಣೆಗೆ ತೆಳುವಾದ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇರುವದು. ಆದರೂ ತತ್ವ ಅದೇ: ಖಾಲಿಯಿರುವ ಕೋಣೆಗಿಂತ ತುಂಬಿರುವ ಕೋಣೆ ಲೇಸು. ಬರ್ಫದ ಕೋಣೆಯಲ್ಲಿ ಜಾಗವಿದ್ದರೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ ಇಟ್ಟುಕೊಂಡಿರಬೇಕು. ಬಾಟಲಿಯ ಕುತ್ತಿಗೆಯವರೆಗೆ ತುಂಬಕೂಡದು, ಏಕೆಂದರೆ ನೀರು ಬರ್ಫವಾಗುವಾಗ ನೂರಕ್ಕೆ ಒಂಬತ್ತರಷ್ಟು ಉಬ್ಬುವದು. ಗಾಜಿನ ಸೀಸೆಯನ್ನಂತೂ ಇಡಲೇಬಾರದು.

ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದವರಿಗೆ ನಡುವೆ ಎಷ್ಟು ಹೊತ್ತು ಕರೆಂಟು ಹೋಗಿತ್ತೆಂದು ತಿಳಿಯುವದು ಹೇಗೆ? ಇದಕ್ಕೊಂದು ಸುಲಭವಾದ ಯುಕ್ತಿಯಿದೆ. ಒಂದು ಬಟ್ಟಲು ನೀರನ್ನು ಬರ್ಫ ಕಟ್ಟಿಸಿ ಅದರ ಮೇಲೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಅದೇ ಕೋಣೆಯಲ್ಲಿ ಬಿಡುವದು. ಮರಳಿ ಬಂದಾಗ ನಾಣ್ಯವು ಮೇಲೆಯೇ ಇದ್ದರೆ ಚಿಂತೆಯಿಲ್ಲ. ನಡುವಿಗೆ ಇಳಿದಿದ್ದರೆ ಅರ್ಧ ಕರಗಿ ಮತ್ತೆ ಕಟ್ಟಿದೆ. ತಳಕ್ಕೆ ಹೋಗಿ ಕುಳಿತಿದ್ದರೆ ಒಳಗಿನದೆಲ್ಲ ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ತಿಳಿಯತಕ್ಕದ್ದು. ಅಂಥ ಪ್ರಸಂಗದಲ್ಲಿ ಅಲ್ಲಿದ್ದ ತಿನ್ನುವ ಪದಾರ್ಥವನ್ನೂ ಬರ್ಫವನ್ನೂ ಚೆಲ್ಲುವದೇ ಕ್ಷೇಮ.

ಇನ್ನು ಕರೆಂಟು ಮರಳಿದ ಗಳಿಗೆಯ ವಿಚಾರ. ಫ್ರಿಜ್ಜು ಹಾಳಾಗುವದಾದರೆ ಹೆಚ್ಚಾಗಿ ಈ ಗಳಿಗೆಯಲ್ಲಿಯೇ. ಆದ್ದರಿಂದ ಕರೆಂಟು ಹೋದಾಗಲೇ ಫ್ರಿಜ್ಜಿನ ಗುಂಡಿಯನ್ನು ಆರಿಸಿ ಇಡುವದು ಉತ್ತಮ. ಕರೆಂಟು ಬಂದಾಗ ಊರಿನ ಪಂಪುಗಳು, ಗಿರಣಿಗಳು, ಮನೆಮನೆಯ ಯಂತ್ರಗಳು ಒಮ್ಮೆಲೆ ಎಳೆಯತೊಡಗುವದರಿಂದ ವೋಲ್ಟೇಜು ಜಗ್ಗಾಡುವದು. 230 ವೋಲ್ಟು ಇರಬೇಕಾದಲ್ಲಿ 160ಕ್ಕೆ ಇಳಿದರೆ ಫ್ರಿಜ್ಜಿನ ಕಂಪ್ರೆಸರು ತಿರುಗಲಾರದೆ ಗುಂಯ್‌ಗುಟ್ಟಿ ಕಾಯುವದು. ಹೀಗೆ ಕಾದಾಗ ಅದನ್ನು ರಕ್ಷಿಸಲೆಂದು ಇಟ್ಟ ಸಣ್ಣ ಗುಂಡಿಯೊಂದು ಟಿಕ್ಕೆಂದು ಕಡಿಯುತ್ತದೆ. ಕೆಲವು ನಿಮಿಷಗಳ ಮೇಲೆ ಆರಿ ಮತ್ತೆ ಕೂಡುತ್ತದೆ. ಮತ್ತೆ ಗುಂಯ್, ಮತ್ತೆ ಟಿಕ್. ಇದು ದಿನವೆಲ್ಲ ನಡೆದರೆ ಬರ್ಫ ಕಟ್ಟುವದು ಹೋಗಲಿ, ಕಂಪ್ರೆಸರಿನ ಸುರುಳಿಯೇ ಸುಡಬಹುದು.

ಎರಡನೆಯ ಕಾರಣವು ಒತ್ತಡದ್ದು. ಕಂಪ್ರೆಸರು ನಿಂತಾಗ ಅದರ ಒಂದು ಬದಿಗೆ ಹೆಚ್ಚಿನ ಒತ್ತಡದ ಅನಿಲವೂ ಇನ್ನೊಂದು ಬದಿಗೆ ಕಡಿಮೆ ಒತ್ತಡದ ಅನಿಲವೂ ಇರುತ್ತದೆ. ಎರಡೂ ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಕರೆಂಟು ಹೋಗಿ ಅರ್ಧ ನಿಮಿಷದಲ್ಲಿ ಬಂದರೆ ಯಂತ್ರವು ತುಂಬಿದ ಬಂಡಿಯನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಎಳೆಯಹೊರಟ ಎತ್ತಿನಂತಾಗುವದು. ಹತ್ತಾರು ತಾಸು ಹೋಗಿದ್ದ ಕರೆಂಟಿಗಿಂತ ಹೋಗಿ ಬಂದು ಹೋಗಿ ಬಂದು ಮಾಡುವ ಕರೆಂಟು ಈ ಕಾರಣದಿಂದಲೇ ಹೆಚ್ಚು ಅಪಾಯಕರ. ಕರೆಂಟು ನೆಲೆನಿಂತ ಮೇಲೆ ಹತ್ತು ನಿಮಿಷ ತಡೆದು ಗುಂಡಿ ಹಾಕಿದರೆ ಎರಡೂ ತೊಂದರೆಗಳು ತಪ್ಪುವವು. ತಡೆದು ಕರೆಂಟು ಬಿಡುವ ಸ್ಟೆಬಿಲೈಜರನ್ನು ಕೂಡಿಸಿಕೊಂಡವರಿಗೆ ಈ ಕಾಯುವ ಕೆಲಸವೂ ಇಲ್ಲ. ಅದರ ಬೆಲೆಯು ಕಂಪ್ರೆಸರಿನ ಬೆಲೆಯ ಮುಂದೆ ಅಲ್ಪ.

ಮೂರನೆಯದು ಅಪರೂಪವಾದರೂ ಭಯಂಕರವಾದದ್ದು. ಗಾಳಿಗೆ ಕಂಬದ ಮೇಲಿನ ನ್ಯೂಟ್ರಲ್ ತಂತಿ ಕಡಿದರೆ ಮನೆಗಳೊಳಗೆ 230ರ ಬದಲು 400ರ ಹತ್ತಿರದ ವೋಲ್ಟೇಜು ಹರಿಯಬಹುದು. ಫ್ಯಾನು ಹುಚ್ಚೆದ್ದಂತೆ ತಿರುಗುವದು, ಒಂದು ಓಣಿಯಲ್ಲಿ ದೀಪಗಳು ಸಿಡಿಯುವದು, ಪಕ್ಕದ ಓಣಿಯಲ್ಲಿ ಮಂಕಾಗುವದು ಇದರ ಚಿಹ್ನೆ. ಆಗ ಫ್ರಿಜ್ಜಿನ ಗುಂಡಿಯಲ್ಲ, ಮನೆಯ ಮುಖ್ಯ ಗುಂಡಿಯನ್ನೇ ತೆಗೆದು ಓಣಿಯವರಿಗೆಲ್ಲ ಕೂಗಿ ಹೇಳಬೇಕು.

ಇಂಥ ದಿನ ಹಳ್ಳಿಯ ಮನೆಯಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ. ರಿಪೇರಿಯವನು ಬಂದು ಕಿವಿಗೊಟ್ಟು ಕೇಳಿ, "ಗೌಡ್ರ, ಕಂಪ್ರೆಸರ್ ಹೋಗೇತ್ರಿ, ಹೊಸಾದು ಹಾಕಬೇಕ್ರಿ" ಎನ್ನುವನು. ಗೌಡರು ಕಿಸೆಗೆ ಕೈ ಹಾಕುವಷ್ಟರಲ್ಲಿ ಪಡಸಾಲೆಯಲ್ಲಿ ಕುಳಿತ ಅವರ ತಾಯಿ, "ಯಾಕ ತಮ್ಮಾ, ನಿನ್ನಿ ತನಕಾ ಛೊಲೋ ಇತ್ತಲ್ಲ. ಇಲ್ಲಿ ಫ್ಯಾನ್ ನೋಡು, ಎತ್ತಿನ ಗಾಣದಂಗ ತಿರಗಾಕತ್ತೇತಿ. ಫ್ಯಾನಿಗೇ ಬಲಾ ಇಲ್ಲಂದ್ರ ಫ್ರಿಜ್ಜಿಗೆ ಎಲ್ಲಿಂದ ಬರಬೇಕು?" ಎಂದು ಕೇಳುವಳು. ಮುದುಕಿಯ ಪರೀಕ್ಷೆಯೇ ಸರಿಯಾದದ್ದು. ಮೊದಲು ದೀಪ ಮಂಕಾದುದನ್ನು ನೋಡಿ ವೋಲ್ಟೇಜು ಇಳಿದಿದೆಯೆಂದು ತಿಳಿಯುತ್ತಿದ್ದರು. ಈಗಿನ ಎಲ್‌ಇಡಿ ದೀಪಗಳು ವೋಲ್ಟೇಜು ಬಹಳ ಇಳಿದರೂ ಅಷ್ಟೇ ಪ್ರಕಾಶವಾಗಿ ಉರಿಯುವದರಿಂದ ಅವು ಮನುಷ್ಯನನ್ನು ಮೋಸಗೊಳಿಸುವವು. ಫ್ಯಾನು ಮೋಸ ಮಾಡುವದಿಲ್ಲ. ಸ್ಟೆಬಿಲೈಜರಿನ ಮೇಲಿನ ಅಂಕೆಯನ್ನಾದರೂ ನೋಡಬಹುದು.

ವೋಲ್ಟೇಜು ಸರಿಯಾಗಿದ್ದು ಕಂಪ್ರೆಸರು ತಡೆಯಿಲ್ಲದೆ ಓಡುತ್ತಿದ್ದರೆ ಬರ್ಫದ ಕಡೆಗೆ ತಿರುಗಬೇಕು. ಹಳ್ಳಿಗಳಲ್ಲಿರುವ ಫ್ರಿಜ್ಜುಗಳಲ್ಲಿ ಹೆಚ್ಚಿನವು ಕೈಯಿಂದ ನೀರು ತುಂಬಿ ಇಡುವ ತಟ್ಟೆಯವು. ಇಲ್ಲವೆ ಗುಬ್ಬಿ ತಿರುವಿದರೆ ತುಂಡುಗಳು ಕೆಳಗಿನ ಡಬ್ಬಿಗೆ ಉದುರುವ ಮಾದರಿಯವು. ಕರೆಂಟು ಹೋದಾಗ ತಟ್ಟೆಯ ನೀರು ಅರ್ಧ ಕರಗಿ ಚೆಲ್ಲಿ, ಮರಳಿ ಕಟ್ಟಿ, ತಟ್ಟೆಯನ್ನು ಕೋಣೆಯ ನೆಲಕ್ಕೆ ಬೆಸೆದುಬಿಡುವದು. ಇದನ್ನು ಬಲವಂತದಿಂದ ತಿರುವಿದರೆ ಗುಬ್ಬಿ ಮುರಿಯುವದು. ಚಾಕುವಿನಿಂದ ಎಬ್ಬಿಸಹೋದರೆ ಬರ್ಫದ ಕೋಣೆಯ ತೆಳುವಾದ ಅಲ್ಯುಮಿನಿಯಂ ಗೋಡೆಗೆ ತೂತು ಬೀಳುವದು. ಆ ಗೋಡೆಯೊಳಗೆಯೇ ಅನಿಲದ ಕೊಳವೆಯು ಓಡಾಡಿರುತ್ತದೆ. ಈಚಿನ ಅನೇಕ ಫ್ರಿಜ್ಜುಗಳಲ್ಲಿ ತುಂಬುವ ಐಸೋಬ್ಯೂಟೇನ್ ಎಂಬ ಅನಿಲವು ಅಡಿಗೆಯ ಅನಿಲದ ಜಾತಿಯದೇ, ಬೆಂಕಿ ಹತ್ತುವಂಥದು. ಸೂಂಯ್ ಎಂಬ ಸಪ್ಪಳ ಕೇಳಿದರೆ ಯಾವ ಗುಂಡಿಯನ್ನೂ ಮುಟ್ಟದೆ, ಕಡ್ಡಿ ಗೀರದೆ, ಕಿಟಕಿ ಬಾಗಿಲು ತೆರೆದು ಹೊರಗೆ ಬರತಕ್ಕದ್ದು. ಕರೆಂಟನ್ನು ಆ ಕೋಣೆಯ ಹೊರಗಿನ ಗುಂಡಿಯಿಂದ ಕಡಿಯಬೇಕು. ಅಂಟಿದ ತಟ್ಟೆಗೆ ಸರಿಯಾದ ಉಪಾಯವೆಂದರೆ ಫ್ರಿಜ್ಜನ್ನು ಆರಿಸಿ, ಒಂದು ಬಟ್ಟಲು ಬಿಸಿನೀರನ್ನು ಬರ್ಫದ ಕೋಣೆಯಲ್ಲಿಟ್ಟು, ಹದಿನೈದು ಇಪ್ಪತ್ತು ನಿಮಿಷ ಸುಮ್ಮನಿರುವದು. ತಾನಾಗಿಯೇ ಬಿಡುವದು. ಆಮೇಲೆ ಒರಸಿ ಒಣಗಿಸಿ, ಹೊಸ ನೀರು ಮುಕ್ಕಾಲು ಮಟ್ಟದವರೆಗೆ ತುಂಬಿ ಇಡುವದು.

ಅವಸರದಲ್ಲಿ ಬಹು ಜನರು ಮಾಡುವ ತಪ್ಪೊಂದುಂಟು: ಬೇಗ ಬರ್ಫವಾಗಲೆಂದು ತಂಪಿನ ಗುಬ್ಬಿಯನ್ನು ಕೊನೆಯ ಅಂಕೆಗೆ ತಿರುವುವದು. ಸಾಧಾರಣ ಫ್ರಿಜ್ಜಿನ ಕಂಪ್ರೆಸರಿಗೆ ಓಡುವದು ಮತ್ತು ನಿಲ್ಲುವದು ಎರಡೇ ಗೊತ್ತು. ಗುಬ್ಬಿ ತಿರುವಿದ್ದಕ್ಕೆ ಅದು ಜೋರಾಗಿ ಓಡುವದಿಲ್ಲ, ನಿಲ್ಲಬೇಕಾದಾಗ ನಿಲ್ಲುವದಿಲ್ಲ ಅಷ್ಟೆ. ಪರಿಣಾಮವಾಗಿ ಮರುದಿನ ಮುಂಜಾನೆ ಕೆಳಗಿನ ಕೋಣೆಯ ಹಿಂಬದಿಯಲ್ಲಿಟ್ಟ ಔಷಧವು ಹೆಪ್ಪುಗಟ್ಟಿರುತ್ತದೆ. ಇನ್‌ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಚೆನ್ನಾಗಿ ಕಂಡರೂ ಉಪಯೋಗಿಸಬಾರದು.

ಇತ್ತೀಚೆಗೆ ಕೆಲವು ಶ್ರೀಮಂತ ಜಮೀನುದಾರರ ಮನೆಗಳಲ್ಲಿ ತಾನೇ ನೀರು ತುಂಬಿಕೊಂಡು ತಾನೇ ಬರ್ಫ ಕಟ್ಟಿ ಉದುರಿಸುವ ದೊಡ್ಡ ಫ್ರಿಜ್ಜುಗಳು ಬಂದಿವೆ. ಇವುಗಳ ಸ್ವಭಾವ ಬೇರೆ. ಬರ್ಫದ ಅಚ್ಚಿಗೆ ಒಂದು ಉಷ್ಣಮಾಪಕವು ಅಂಟಿಕೊಂಡಿದ್ದು, ಅಚ್ಚು ಸೊನ್ನೆಗಿಂತ ಸುಮಾರು 10 ಅಂಶ ಕೆಳಗೆ ಇಳಿಯುವವರೆಗೆ ಯಂತ್ರವು ಕೈಯನ್ನೇ ಅಲ್ಲಾಡಿಸುವದಿಲ್ಲ. ಕೋಣೆಯು ಸೊನ್ನೆಗಿಂತ 18 ಅಂಶ ಕೆಳಗೆ ನೆಲೆನಿಂತಾಗಲೇ ಅದರ ಕೆಲಸ ಸರಾಗವಾಗಿ ನಡೆಯುವದು. ಆದ್ದರಿಂದ ಕರೆಂಟು ಬಂದ ಮೇಲೆ ಮೊದಲನೆಯ ದಿನ ಅದು ಸತ್ತಂತೆ ಬಿದ್ದಿರುವದು ಸಹಜ. ಎರಡನೆಯ ದಿನವೂ ಏಳದಿದ್ದರೆ ಒಂದೊಂದಾಗಿ ನೋಡುತ್ತ ಹೋಗಬೇಕು. ಬರ್ಫದ ಡಬ್ಬಿಯನ್ನು ಹೊರಗೆಳೆದು ನೋಡಿದರೆ ಒಳಗಿನ ತುಂಡುಗಳೆಲ್ಲ ಕರಗಿ ಕೂಡಿ ಒಂದೇ ಹೆಬ್ಬಂಡೆಯಾಗಿರುವದುಂಟು. ಡಬ್ಬಿ ತುಂಬಿತೆಂದು ತಿಳಿಸುವ ತಂತಿಯ ತೋಳೊಂದು ಮೇಲಿರುತ್ತದೆ. ಹೆಬ್ಬಂಡೆಯ ಮೇಲೆ ಅದು ಎತ್ತಿ ಕುಳಿತರೆ ಯಂತ್ರವು ಬರ್ಫ ಸಾಕೆಂದು ತಿಳಿದು ನಿಂತುಬಿಡುವದು. ಹೆಬ್ಬಂಡೆಯನ್ನು ಮೋರಿಗೆ ಹಾಕಿ ಡಬ್ಬಿಯನ್ನು ತೊಳೆದು ಒರಸಿ, ತೋಳನ್ನು ಕೆಳಗಿಳಿಸಿ ಇಟ್ಟಷ್ಟಕ್ಕೆ ಅರ್ಧದಷ್ಟು ಯಂತ್ರಗಳು ಸರಿಹೋಗುವವೆಂದರೆ ಅತಿಶಯೋಕ್ತಿಯಾಗದು. ಕೆಲವು ಮಾದರಿಗಳಲ್ಲಿ ತೋಳಿನ ಬದಲಾಗಿ ಸಣ್ಣ ಗುಂಡಿಯಿರುವದು. ಕರೆಂಟು ಹೋಗಿಬಂದಾಗ ಬರ್ಫದ ಆಜ್ಞೆಯು ಅಳಿಸಿಹೋಗಿ ಮತ್ತೆ ಒತ್ತಬೇಕಾಗಬಹುದು. ಯಂತ್ರದೊಡನೆ ಬಂದ ಪುಸ್ತಕವನ್ನು ಹುಡುಕುವದು ಇಂಥಲ್ಲಿಯೇ. ಅದು ಸಾಮಾನ್ಯವಾಗಿ ಟ್ರೆಜರಿಯೊಳಗೆ ಜಮೀನಿನ ಕಾಗದಪತ್ರಗಳ ಕೆಳಗೆ ಸಿಕ್ಕುವದು.

ನೀರು ಬರುವ ಕೊಳವೆಯ ತುದಿಯಲ್ಲಿ ಬರ್ಫ ಕಟ್ಟಿಕೊಂಡು ದಾರಿ ಮುಚ್ಚುವದು ಇನ್ನೊಂದು ಕಾರಣ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಅದರ ಮೇಲೆ ಒಂದೆರಡು ಸಲ ಇಟ್ಟರೆ ಬಿಡುವದು. ಆದರೆ ಈ ಕೆಲಸವನ್ನು ಕರೆಂಟು ಆರಿಸಿಯೇ ಮಾಡತಕ್ಕದ್ದು.

ಇವೆಲ್ಲಕ್ಕಿಂತ ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆಯು ನೀರಿನ ಒತ್ತಡದ್ದು. ಈ ಯಂತ್ರಗಳಿಗೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 1.4 ಕಿಲೋದಷ್ಟು ಒತ್ತಡ ಬೇಕು. ನೀರು 10 ಮೀಟರು ಎತ್ತರದಲ್ಲಿದ್ದರೆ ಕೆಳಗೆ ಸುಮಾರು ಒಂದು ಕಿಲೋ ಒತ್ತಡ ಬರುವದು. ಮಾಳಿಗೆಯ ಮೇಲಿನ ಟಾಕಿಯು ನಲ್ಲಿಗಿಂತ 4 ಮೀಟರು ಮೇಲಿದ್ದರೆ 0.4 ಕಿಲೋ ಮಾತ್ರ. ಅಂಗಡಿಯವನು ಮಾರುವಾಗ ಈ ಲೆಕ್ಕ ಹೇಳುವದಿಲ್ಲ. ಒತ್ತುವ ಸಣ್ಣ ಪಂಪೊಂದನ್ನು ನಡುವೆ ಕೂಡಿಸಿದ್ದರೆ ಕರೆಂಟು ಹೋಗಿಬಂದಾಗ ಅದರ ಗುಂಡಿಯನ್ನೂ ನೋಡಬೇಕು. ಟಾಕಿ ಬರಿದಾಗಿ ಕೊಳವೆಯಲ್ಲಿ ಗಾಳಿ ತುಂಬಿದ್ದರೆ ಫ್ರಿಜ್ಜಿನ ಹಿಂದಿನ ಕೊಳವೆಯನ್ನು ಬಿಚ್ಚಿ ಬಕೀಟಿಗೆ ನೀರು ಹರಿಸಿ ಗಾಳಿ ಹೋಗಿಸಿ ಮತ್ತೆ ಬಿಗಿಯಬೇಕು. ಬೋರಿನ ಗಡಸು ನೀರಾದರೆ ಒಳಬರುವ ಬಾಯಿಯಲ್ಲಿರುವ ಸಣ್ಣ ಜಾಳಿಗೆಯು ಬಿಳಿಯ ಸುಣ್ಣದಿಂದ ಮುಚ್ಚಿಹೋಗಿರುವದು. ಟಾಕಿ ಬರಿದಾಗಿ ತುಂಬಿದಾಗ ಎದ್ದ ಕೆಸರೂ ಅಲ್ಲಿಯೇ ಬಂದು ಕೂಡುವದು. ಅಳವಿಲ್ಲದವರು ಇದಕ್ಕೆ ಕೈಹಾಕದೆ ಬಲ್ಲವರನ್ನು ಕರೆಸುವದೊಳಿತು.

ಯಂತ್ರವು ಎದ್ದ ಮೇಲೆ ಮೊದಲ ಎರಡು ಮೂರು ಸಲದ ಬರ್ಫವನ್ನು ಬಾಯಿಗೆ ಹಾಕಬಾರದು. ಕೊಳವೆಯಲ್ಲಿ ನಿಂತ ನೀರು ಅದರಲ್ಲಿ ಸೇರಿರುವದು. ಪ್ರವಾಹದಲ್ಲಿ ನಿಂತುಹೋದ ಊರುಗಳಿಗಂತೂ ಈ ಎಚ್ಚರಿಕೆ ಇಮ್ಮಡಿ ಅವಶ್ಯ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ನವಿಲುತೀರ್ಥದ ಕೆಳಗೆ ರಾಮದುರ್ಗದ ಕಡೆಗೆ ಹೊಳೆಯ ದಂಡೆಯ ಊರುಗಳನ್ನು ಹೊಕ್ಕಾಗ ನೀರು ಮನೆಯೊಳಗೇ ನಿಂತಿತ್ತು. ಅಂಥ ನೀರಿನಲ್ಲಿ ಮುಳುಗಿದ ಫ್ರಿಜ್ಜನ್ನು ಕರೆಂಟು ಬಂದಿತೆಂದು ಒಣಗಿಸಿ ಹಚ್ಚುವದು ಪ್ರಾಣಕ್ಕೆ ಅಪಾಯ. ಬಲ್ಲ ಮನುಷ್ಯನು ತಂತಿಗಳನ್ನು ಪರೀಕ್ಷಿಸುವವರೆಗೆ ಅದರ ಗೂಟವನ್ನು ಗೋಡೆಗೆ ಚುಚ್ಚಕೂಡದು. ಬರ್ಫವು ಬೆಳ್ಳಗಿದ್ದರೂ ಅದರೊಳಗಿನ ರೋಗಬೀಜಗಳು ಚಳಿಗೆ ಸಾಯುವದಿಲ್ಲ, ಮಲಗಿರುವವು ಅಷ್ಟೆ.

ಲಸಿಕೆಯ ದಿನಕ್ಕಾಗಿ ಐಸ್‌ಪ್ಯಾಕುಗಳನ್ನು ಕಟ್ಟಿಸಿಕೊಡುವವರು ಎರಡು ಮಾತು ನೆನಪಿಡಬೇಕು. ಡಬ್ಬಿಗಳು ಪೂರ್ತಿ ಹೆಪ್ಪುಗಟ್ಟಲು ಮನೆಯ ಫ್ರಿಜ್ಜಿನಲ್ಲಿ ಒಂದು ದಿನವಾದರೂ ಬೇಕಾದದ್ದರಿಂದ ಹಿಂದಿನ ದಿನವೇ ಇಡಬೇಕು. ಒಂದರ ಮೇಲೊಂದು ಪೇರಿಸದೆ ತಂಪು ಗೋಡೆಗೆ ತಾಗುವಂತೆ ನಿಲ್ಲಿಸಬೇಕು. ನಡುವೆ ಕರೆಂಟು ಹೋಗಿದ್ದರೆ ಮೇಲೆ ಗಟ್ಟಿಯಾಗಿ ಕಂಡರೂ ನಡುವೆ ನೀರಿರಬಹುದು, ಅಲ್ಲಾಡಿಸಿ ನೋಡಬೇಕು. ಎರಡನೆಯ ಮಾತು ಕೇಳಲು ವಿಚಿತ್ರವಾಗಿದೆ. ಕಲ್ಲಿನಂತೆ ಹೆಪ್ಪುಗಟ್ಟಿದ ಡಬ್ಬಿಗಳನ್ನು ಹಾಗೆಯೇ ಪೆಟ್ಟಿಗೆಯಲ್ಲಿ ತುಂಬಿ ಲಸಿಕೆಯ ಸೀಸೆಗಳನ್ನು ಅವಕ್ಕೆ ತಾಗಿಸಿ ಇಡಬಾರದು, ಸೀಸೆಗಳೇ ಹೆಪ್ಪುಗಟ್ಟಿಬಿಡುವವು. ಡಬ್ಬಿಗಳನ್ನು ಹೊರಗಿಟ್ಟು ಮೈಮೇಲೆ ಬೆವರಿನಂತೆ ಹನಿ ಮೂಡಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಸ್ವಲ್ಪ ಕುಲುಕಿದ ಸಪ್ಪಳ ಕೇಳುವವರೆಗೆ ಕಾದು ಆಮೇಲೆ ತುಂಬಬೇಕು. ಇಲಾಖೆಯವರು ಇದನ್ನು ಬಲ್ಲರು, ಅವಸರಪಡಿಸುವವರು ಊರವರೇ. ಲಸಿಕೆಯ ಸೀಸೆಗಳನ್ನೇ ಮನೆಯಲ್ಲಿ ಒಂದು ರಾತ್ರಿ ಇಡಬೇಕಾಗಿ ಬಂದರೆ ಅವು ಕೆಳಗಿನ ಕೋಣೆಯ ನಡುಹಲಗೆಯ ಮೇಲಿರಬೇಕು, ಬರ್ಫದ ಕೋಣೆಯಲ್ಲಲ್ಲ, ಬಾಗಿಲಿನ ಗೂಡಿನಲ್ಲಿಯೂ ಅಲ್ಲ. ರಾತ್ರಿ ಕರೆಂಟು ಹೋಗಿದ್ದರೆ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮುಂಜಾನೆ ಪಶುವೈದ್ಯರ ಕೈಗೆ ಕೊಡಬೇಕು. ಮನೆತನದ ಮರ್ಯಾದೆ ಹೋದೀತೆಂದು ಇದನ್ನು ಮುಚ್ಚಿಡುವವರಿದ್ದಾರೆ. ಹಾಳಾದ ಲಸಿಕೆಯನ್ನು ಚೆಲ್ಲಿದರೆ ನಾಲ್ಕು ಸೀಸೆ ಹೋಗುವವು; ಹಾಕಿದರೆ ಊರ ದನಗಳೇ ಹೋಗುವವು. ಅದು ಉಪಯೋಗಕ್ಕೆ ಬರುವದೋ ಇಲ್ಲವೋ ನಿರ್ಣಯಿಸುವದು ವೈದ್ಯರ ಕೆಲಸ, ಗೌಡರ ಕೆಲಸವಲ್ಲ.

ಆಸ್ಪತ್ರೆಗಳಲ್ಲಿರುವ ಲಸಿಕೆಯ ಫ್ರಿಜ್ಜುಗಳ ಗೋಡೆಯ ತುಂಬ ಬರ್ಫದ ಪದರವಿದ್ದು ದಿನಕ್ಕೆ 8 ತಾಸು ಕರೆಂಟು ಸಿಕ್ಕರೂ ಅವು ತಂಪನ್ನು ಕಾಯುವವು. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳಿಗೆ ಕರೆಂಟಿನ ಹಂಗೇ ಇಲ್ಲ. ಅವು ಸೊನ್ನೆಗಿಂತ 196 ಅಂಶ ಕೆಳಗಿರುವ ದ್ರವ ಸಾರಜನಕದ ಕೊಡದಲ್ಲಿ ಇರುವವು.

ತೋಟದ ಮನೆಯಲ್ಲಿ ಫ್ರಿಜ್ಜು ಇಟ್ಟವರ ಸ್ಥಿತಿ ಬೇರೆ. ನಿರಂತರ ಜ್ಯೋತಿ ಯೋಜನೆಯಿಂದ ಊರಿನ ಮನೆಗಳ ತಂತಿಯೂ ಪಂಪುಗಳ ತಂತಿಯೂ ಬೇರೆಯಾದ ಕಡೆ ಊರೊಳಗೆ ಕರೆಂಟು ನಿಲ್ಲುತ್ತದೆ. ಹೊಲದೊಳಗಿನ ಮನೆಗೆ ಪಂಪಿನ ತಂತಿಯೇ ಗತಿಯಾದರೆ ತ್ರೀಫೇಸು ಗೊತ್ತಾದ ತಾಸುಗಳಲ್ಲಿ ಮಾತ್ರ ಬರುವದು. ಅದರ ಮೇಲೆ ಸಿಂಗಲ್‌ಫೇಸು ಇರುವ ಹೊತ್ತಿನಲ್ಲಿ ಕಂಡೆನ್ಸರು ಕೂಡಿಸಿ ಪಂಪು ಓಡಿಸುವ ಚಾಳಿ ಈ ಸೀಮೆಯಲ್ಲಿ ಬೆಳೆದಿದೆ. ಹೊಲಕ್ಕೆ ನೀರು ಬೇಕೆಂಬುದು ನಿಜ. ಆದರೆ ಒಬ್ಬನು ಹೀಗೆ ಎಳೆದರೆ ಆ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಎಲ್ಲರ ವೋಲ್ಟೇಜು ಇಳಿಯುವದು. ನೆರೆಯವನ ಫ್ರಿಜ್ಜು ಬರ್ಫ ಕಟ್ಟದ್ದಕ್ಕೆ ಕಾರಣವು ಎಷ್ಟೋ ಸಲ ತನ್ನದೇ ಬಾವಿಯ ದಂಡೆಯ ಮೇಲಿರುವದು. ಅಣ್ಣತಮ್ಮಂದಿರು ಕೂಡಿ ಪಂಪು ಹಚ್ಚುವ ಪಾಳಿಯನ್ನು ಗೊತ್ತುಮಾಡಿಕೊಂಡ ತೋಟಗಳಲ್ಲಿ ಈ ತಕರಾರು ಕಡಿಮೆ. ಪಾಳಿಯ ಮಾತನ್ನು ಎತ್ತಲು ಊರ ಹಿರಿಯರಿಗಿಂತ ತಕ್ಕವರು ಇನ್ನಾರು?

ಎರೆಭೂಮಿಯವರಿಗೆ ಇನ್ನೊಂದು ಸಂಗತಿ. ಬೇಸಿಗೆಯಲ್ಲಿ ಎರೆ ಒಣಗಿ ಬಿರಿದಾಗ ಅರ್ತಿಂಗಿನ ಸರಳಿನ ಸುತ್ತಲಿನ ಮಣ್ಣೂ ಬಿಟ್ಟುಕೊಳ್ಳುವದು. ಆಗ ಫ್ರಿಜ್ಜಿನ ಮೈ ಮುಟ್ಟಿದರೆ ಜುಮ್ಮೆನ್ನುವದುಂಟು. ಬಿರುಕನ್ನು ಹಸಿ ಮಣ್ಣಿನಿಂದ ಮುಚ್ಚಿ, ಆ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುತ್ತಿರಬೇಕು. ಜುಮ್ಮೆನ್ನುವದು ನಿಲ್ಲದಿದ್ದರೆ ಫ್ರಿಜ್ಜನ್ನು ಆರಿಸಿ ತಂತಿ ಕೆಲಸದವನನ್ನು ಕರೆಸತಕ್ಕದ್ದು.

ಇಷ್ಟೆಲ್ಲ ನೋಡಿ, ವೋಲ್ಟೇಜು ಸರಿಯಿದ್ದು, 24 ತಾಸು ಕಳೆದು, ಕಂಪ್ರೆಸರು ಓಡುತ್ತಲೇ ಇದ್ದು ಬರ್ಫದ ಕೋಣೆ ತಂಪಾಗದಿದ್ದರೆ ಅನಿಲ ಸೋರಿರಬಹುದು. ಕಂಪ್ರೆಸರು ಓಡದೆ ಟಿಕ್ ಟಿಕ್ ಎನ್ನುತ್ತಿದ್ದರೆ ಅದನ್ನು ಹೊರಡಿಸುವ ರಿಲೇ ಸುಟ್ಟಿರಬಹುದು. ರಿಲೇ ಅಲ್ಪ ಬೆಲೆಯ ವಸ್ತು. ರಿಪೇರಿಯವನು ಕಂಪ್ರೆಸರು ಹೋಗಿದೆಯೆಂದರೆ ಮೊದಲು ರಿಲೇ ಬದಲಿಸಿ ನೋಡೆಂದು ಕೇಳುವ ಹಕ್ಕು ಹಣ ಕೊಡುವವರಿಗೆ ಇದೆ. ತಂತಿಯೋ ಕಂಬವೋ ಬಿದ್ದದ್ದಾದರೆ ಯಾರೂ ಸಮೀಪ ಹೋಗದಂತೆ ಕಾವಲಿಟ್ಟು 1912 ಎಂಬ ಸಂಖ್ಯೆಗೆ ಫೋನು ಮಾಡಿ, ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ಅಂಕೆಯನ್ನು ಹೇಳತಕ್ಕದ್ದು. ಆ ಅಂಕೆಯನ್ನು ಅಡ್ಡಮಳೆ ಸುರುವಾಗುವ ಮೊದಲೇ, ಹಗಲಿನಲ್ಲಿ, ಹೋಗಿ ಬರೆದುಕೊಂಡು ಬಂದಿರುವದು ಒಳ್ಳೆಯದು.